ಮೊದಲು ಅವಳು ಹೇಳಿದ್ದನ್ನು ಹೇಳಿ

ಕಾಲೇಜು ಅಧ್ಯಾಪಕರ ತರಬೇತಿಗೆ ಹೋದಲ್ಲೆಲ್ಲ ಯಾರಾದರೊಬ್ಬರು ಟೀ ಹೊತ್ತಿಗೆ ಹತ್ತಿರ ಬಂದು ಇದನ್ನೇ ಕೇಳುತ್ತಾರೆ. "ಮೇಡಂ, ಮೀಸಲಾತಿ ಬಗ್ಗೆ ಕ್ಲಾಸಲ್ಲಿ ಡಿಬೇಟ್ ಇಟ್ಟೆ. ಜಗಳ ಆಗಿ ಎರಡು ಗುಂಪಾಗಿಬಿಟ್ಟಿವೆ. ಏನು ಮಾಡ್ಲಿ?"

ಡಿಬೇಟ್ ಇಡಬಾರದಿತ್ತು. ನಮ್ಮ ಮಕ್ಕಳು ಶಾಲೆಯಿಂದಲೇ ಚರ್ಚಾಸ್ಪರ್ಧೆ ನೋಡಿ ಬೆಳೆದವರು. ಪರಕ್ಕೊಬ್ಬರು, ವಿರೋಧಕ್ಕೊಬ್ಬರು, ಗಂಟೆ ಹೊಡೆದರೆ ಮಾತು ಬಂದ್, ಗೆದ್ದವರಿಗೆ ಸ್ಟೀಲ್ ಲೋಟ. ಅಲ್ಲಿ ಎದುರಿನವರ ಮಾತು ಕೇಳುವುದೇ ತಪ್ಪು ಹುಡುಕೋದಕ್ಕೆ, ಅಲ್ವಾ?

ನಾನು ಮಾಡಿಸುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದಲ್ಲೇ ಹೇಳಿದ ನಿಯಮ ಅದು. ನಿನ್ನ ಮಾತು ಆಡುವ ಮೊದಲು, ಎದುರಿನವಳು ಹೇಳಿದ್ದನ್ನು ನಿನ್ನ ಮಾತಲ್ಲಿ ಹೇಳು. ಅವಳು "ಹೌದು, ನಾನು ಹೇಳಿದ್ದು ಅದೇ" ಅನ್ನುವವರೆಗೆ ನಿನ್ನ ಸರದಿ ಬರಲ್ಲ.

ಇಲ್ಲಿಗೆ ಬಂದ ಕೂಡಲೇ ಅಧ್ಯಾಪಕರು ತಡೆಯುತ್ತಾರೆ. "ಹಾಗಂದ್ರೆ ಒಪ್ಪಿಕೊಂಡ ಹಾಗಾಯ್ತಲ್ಲ ಮೇಡಂ?" ಇಲ್ಲ, ಆಗಲಿಲ್ಲ. ಪ್ರತಿ ಸಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ಪಕ್ಕದ ಮನೆಯವರ ವಿಳಾಸ ನಿಮಗೆ ಸರಿಯಾಗಿ ಗೊತ್ತಿದ್ದರೆ ನೀವೇನು ಆ ಮನೆಯಲ್ಲಿ ಇದ್ದೀರಿ ಅಂತ ಅರ್ಥವೇ? ಅವಳ ಮಾತು ಸರಿಯಾಗಿ ಹೇಳಿದ ಮೇಲೂ "ನನಗೆ ಒಪ್ಪಿಗೆ ಇಲ್ಲ" ಅನ್ನಬಹುದು. ಆದರೆ ಆಗ ಒಪ್ಪದೆ ಇರುವುದು ಅವಳು ನಿಜವಾಗಿ ಹೇಳಿದ್ದನ್ನು, ನೀವು ಊಹಿಸಿಕೊಂಡಿದ್ದನ್ನಲ್ಲ.

ಒಂದು ದಿನದ್ದು ಹೇಳುತ್ತೇನೆ. ಬಿಎ ಕೊನೆಯ ವರ್ಷ, 1918ರ ಮಿಲ್ಲರ್ ಸಮಿತಿಯ ಪಾಠ. ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೂ ಪಾಲು ಸಿಗುವುದು ಹೇಗೆ ಅಂತ ನೋಡಲು ಮಹಾರಾಜ ನಾಲ್ವಡಿಯವರು ನೇಮಿಸಿದ ಸಮಿತಿ, ದಿವಾನ್ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆ ಇರಲಿಲ್ಲ ಅಂತ ಹೇಳಿದ್ದೇ ತಡ, ಹಿಂದಿನ ಬೆಂಚಿನ ಹುಡುಗ ಎದ್ದು "ಮಾರ್ಕ್ಸ್ ಬಂದೋರಿಗೆ ಸೀಟು ಕೊಡ್ಲಿ, ಅಷ್ಟೇ" ಅಂದ. ಅದನ್ನು ತಿರುಗಿ ಹೇಳಲು ಒಬ್ಬಳು ಹುಡುಗಿ ಮುಂದೆ ಬಂದಳು. ನಾನು ಕರೆದಿದ್ದಲ್ಲ. "ನಿಮ್ಮವರು ಏನಂತಾರೆ ಹೇಳಮ್ಮ" ಅಂತ ಯಾರನ್ನೂ ಎಬ್ಬಿಸಬೇಡಿ, ದಯವಿಟ್ಟು. ಒಂದು ಮಗುವಿನ ತಲೆ ಮೇಲೆ ಇಡೀ ಜಾತಿಯನ್ನು ಹೊರಿಸಿದ ಹಾಗಾಗುತ್ತದೆ.

"ಇವನಿಗೆ ಮೀಸಲಾತಿ ಬೇಡ" ಅಂದಳು. ಹುಡುಗ ತಲೆ ಆಡಿಸಿದ, ಅಲ್ಲ ಅಂತ. ಮೂರನೇ ಸಲಕ್ಕೆ, ಅವನನ್ನೇ ಕೇಳಿ ಕೇಳಿ, "ನಿಮ್ಮಪ್ಪ ಸಾಲ ಮಾಡಿ ಅಕ್ಕನ್ನ ಓದಿಸಿದ್ರು, ಆದ್ರೂ ಅವಳಿಗೆ ಸೀಟು ಸಿಗಲಿಲ್ಲ, ಆ ಸಂಕಟ ಇನ್ನೂ ಮನೇಲಿದೆ" ಅಂದಳು. "ಹೂಂ" ಅಂದ. ಕೂತುಬಿಟ್ಟ.

ಆಮೇಲೆ ಅವಳ ಸರದಿ. ಸ್ಕಾಲರ್‌ಶಿಪ್ ಪಟ್ಟಿಯ ಬಗ್ಗೆ ಹೇಳಿದಳು. ಅವನು "ದುಡ್ಡು ತಡವಾಗಿ ಬರುತ್ತೆ ಅಂತ ಬೇಜಾರು" ಅಂದ. "ದುಡ್ಡಲ್ಲ ಕಣೋ. ಕ್ಲಾಸಲ್ಲಿ ಹೆಸರು ಕೂಗಿ ಎದ್ದು ನಿಲ್ಲಿಸ್ತಾರಲ್ಲ, ಆಗ ಎಲ್ಲರೂ ತಿರುಗಿ ನೋಡ್ತೀರಿ." ಅವನು ಅದನ್ನು ನಿಧಾನವಾಗಿ ಹೇಳಿದ, ಒಂದೊಂದೇ ಪದ. ಕ್ಲಾಸಿನಲ್ಲಿ ಫ್ಯಾನ್ ಸದ್ದು ಮಾತ್ರ ಇತ್ತು.

ಇಬ್ಬರೂ ತಮ್ಮ ಅಭಿಪ್ರಾಯ ಬದಲಾಯಿಸಲಿಲ್ಲ. ಆದರೆ ಗೆಳೆತನ ಮುರಿಯಲಿಲ್ಲ.

ಎಚ್ಚರಿಕೆ ಬೇಕು. ಮೊದಲ ವಾರವೇ ಇದಕ್ಕೆ ಕೈ ಹಾಕಬೇಡಿ. ಎಲ್ಲರ ಹೆಸರು ನಿಮಗೆ ಬಾಯಿಗೆ ಬರಲಿ, ಬಸ್ ತಡ, ಕ್ಲಾಸಿನಲ್ಲಿ ಮೊಬೈಲು, ಇಂಥ ಸಣ್ಣ ವಿಷಯದಲ್ಲಿ ಅಭ್ಯಾಸ ಆಗಲಿ. ಎಂಬತ್ತು ಜನರ ಕ್ಲಾಸಾದರೆ ಮೂವರ ಗುಂಪು ಮಾಡಿ. ಒಬ್ಬರು ಹೇಳಲಿ, ಒಬ್ಬರು ತಿರುಗಿ ಹೇಳಲಿ, ಇನ್ನೊಬ್ಬರು ಸುಮ್ನೆ ಗಮನಿಸಲಿ. ಯಾರ ಕಣ್ಣಲ್ಲಾದರೂ ನೀರು ಬಂದರೆ ಅಲ್ಲಿಗೇ ನಿಲ್ಲಿಸಿ. ನಾವು ಅಧ್ಯಾಪಕರು, ಗಾಯ ಕೆದಕುವ ಹಕ್ಕು ನಮಗಿಲ್ಲ.

ಅಂದಹಾಗೆ, ಆ ಪಟ್ಟಿಯನ್ನು ಪ್ರತಿ ವರ್ಷ ಕ್ಲಾಸಲ್ಲಿ ಕೂಗುತ್ತಿದ್ದವಳು ನಾನೇ. ಈಗ ಅದು ನನ್ನ ಮೇಜಿನ ಡ್ರಾಯರಿನಲ್ಲಿರುತ್ತದೆ, ಮಕ್ಕಳು ಬಿಡುವಾದಾಗ ಬಂದು ಸಹಿ ಹಾಕಿ ಹೋಗುತ್ತಾರೆ.