ಸೋಲಿಲ್ಲ, ಗೆಲುವಿಲ್ಲ, ಬರೀ ಹುಲ್ಲು-ಗಾಳಿ: ಇಂಥ ಗೇಮ್‌ಗೆ ಕಣ್ಣು ಯಾಕೆ ತುಂಬುತ್ತದೆ?

ಓದುಗರ ಪ್ರಶ್ನೆ: ನನ್ನ ತಂಗಿ 'ಫ್ಲವರ್' ಅನ್ನೋ ಗೇಮ್ ಆಡ್ತಾ ಆಡ್ತಾ ಅತ್ತುಬಿಟ್ಟಳು. ಅದರಲ್ಲಿ ಮಾತಿಲ್ಲ, ಶತ್ರು ಇಲ್ಲ, ಸ್ಕೋರ್ ಇಲ್ಲ. ಗಾಳಿ ಬೀಸುತ್ತೆ, ಹೂವು ಅರಳುತ್ತೆ, ಅಷ್ಟೇ. ನಾನು ನಕ್ಕೆ. ಆಮೇಲೆ ಒಂದು ರಾತ್ರಿ ನಾನೇ ಆಡಿದೆ, ನನಗೂ ಗಂಟಲು ಕಟ್ಟಿತು. ಯಾಕೆ ಹೀಗೆ? ಚಿತ್ರ ಚೆನ್ನಾಗಿದೆ ಅಂತಲಾ, ಸಂಗೀತಕ್ಕಾ, ಇಲ್ಲಾ ನಮ್ಮ ಮನಸ್ಸೇ ಸೋತಿದೆಯಾ?

ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಒಬ್ಬರಿಗೆ ಅದು ಮರಳುಗಾಡಿನ 'ಜರ್ನಿ', ಇನ್ನೊಬ್ಬರಿಗೆ ಕಡಲಾಳದ 'ಅಬ್ಜೂ', ಮತ್ತೊಬ್ಬರಿಗೆ ಜಲವರ್ಣದಂಥ 'ಗ್ರಿಸ್'. ಕೇಳುವಾಗ ಎಲ್ಲರ ದನಿಯಲ್ಲೂ ಸ್ವಲ್ಪ ಸಂಕೋಚ ಇರುತ್ತದೆ. ಸಂಕೋಚ ಬೇಡ. ಚಿತ್ರವೂ ಕಾರಣ, ಸಂಗೀತವೂ ಕಾರಣ, ಆದರೆ ಅವೆರಡೇ ಆಗಿದ್ದರೆ ಒಳ್ಳೆಯ ಕ್ಯಾಲೆಂಡರ್ ನೋಡಿದರೂ ಗಂಟಲು ಕಟ್ಟಬೇಕಿತ್ತು. ಅಸಲು ಕಾರಣ ನಿಮ್ಮ ಕೈಯಲ್ಲಿದೆ. ಈ ಗೇಮ್‌ನಲ್ಲಿ ನೀವು ಮುಟ್ಟಿದ್ದು ನಿಮಗೆ ಓಗೊಡುತ್ತದೆ, ಅದೂ ಮೃದುವಾಗಿ. ನೀವು ಚೆನ್ನಾಗಿ ಆಡಿದಿರಾ ಇಲ್ಲವಾ ಎಂದು ಅದು ಕೇಳುವುದೇ ಇಲ್ಲ.

'ಫ್ಲವರ್' ಪ್ಲೇಸ್ಟೇಷನ್ 3ಕ್ಕೆ ಬಂದದ್ದು 2009ರ ಫೆಬ್ರವರಿಯಲ್ಲಿ. ಶುರುವಾಗುವುದು ಒಂದು ಮಂಕು ಕೋಣೆಯಲ್ಲಿ. ಹೊರಗೆ ಊರಿನ ಸದ್ದು, ಒಳಗೆ ಬೂದು ಬೆಳಕು, ಕಿಟಕಿಯ ಬಳಿ ಒಂದು ಕುಂಡ, ಕುಂಡದಲ್ಲಿ ಬಾಡಿ ತಲೆ ತಗ್ಗಿಸಿದ ಹೂವು. ಆ ಹೂವನ್ನು ಆರಿಸಿಕೊಂಡರೆ ಅದರ ಕನಸಿನೊಳಗೆ ಹೋಗುತ್ತೀರಿ. ಕಣ್ಣು ಹಾಯುವವರೆಗೂ ಹುಲ್ಲು. ಒಂದು ಮೊಗ್ಗು ಬಿರಿದು, ಒಂದೇ ಒಂದು ಎಸಳು ಗಾಳಿಗೆ ಏಳುತ್ತದೆ. ಆಡುವವರು ಇಲ್ಲಿ ಗಾಳಿ. ಯಾವ ಗುಂಡಿ ಒತ್ತಿದರೂ ಬೀಸುತ್ತೀರಿ, ಕಂಟ್ರೋಲರನ್ನು ಯಾವ ಕಡೆಗೆ ವಾಲಿಸಿದರೆ ಆ ಕಡೆಗೆ ಎಸಳು ಹೊರಳುತ್ತದೆ. ಇದಕ್ಕಿಂತ ಹೆಚ್ಚು ಕಲಿಯಬೇಕಾದ್ದು ಏನೂ ಇಲ್ಲ.

ಮುಂದಿನ ಹತ್ತು ಸೆಕೆಂಡನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮ ಎಸಳು ಹುಲ್ಲಿಗೆ ತಾಗುವಷ್ಟು ಕೆಳಗೆ ಹಾರುತ್ತಿದೆ. ಹಾದ ದಾರಿಯಲ್ಲಿ ಹುಲ್ಲು ಎರಡು ಸೀಳಾಗಿ ಬಾಗುತ್ತದೆ, ಹಿಂದೆ ಮತ್ತೆ ಎದ್ದು ನಿಲ್ಲುತ್ತದೆ. ಎದುರಿಗೆ ಮುಚ್ಚಿದ ಒಂದು ಹೂವು. ಅದರ ಪಕ್ಕ ಸುಳಿದರೆ ಸಾಕು, ಅದು ಬಿಚ್ಚಿಕೊಳ್ಳುತ್ತದೆ, ಒಂದು ಸ್ವರ ನುಡಿಯುತ್ತದೆ, ಅದರದ್ದೊಂದು ಎಸಳು ಎದ್ದು ನಿಮ್ಮ ಹಿಂದೆ ಸೇರಿಕೊಳ್ಳುತ್ತದೆ. ಎರಡನೆಯ ಹೂವು, ಮೂರನೆಯದು. ಈಗ ನೀವು ಎಸಳುಗಳ ಒಂದು ಬಾಲ. ಆ ಸುತ್ತಿನ ಕೊನೆಯ ಹೂವು ಅರಳಿದ ಕ್ಷಣ, ಒಣಗಿ ಮಾಸಿದ್ದ ನೆಲದ ಮೇಲೆ ಹಸಿರು ಅಲೆಯ ಹಾಗೆ ಹರಡಿಕೊಂಡು ಹೋಗುತ್ತದೆ. ವಿನ್ಸೆಂಟ್ ಡಯಮಾಂಟೆ ಮಾಡಿದ ಹಿನ್ನೆಲೆ ಸಂಗೀತಕ್ಕೆ ಹೊಂದುವಂತೆಯೇ ಪ್ರತಿ ಹೂವಿನ ಸ್ವರವನ್ನೂ ಕೂರಿಸಿದ್ದಾರೆ. ಹಾಗಾಗಿ ಯಾವ ಹೂವನ್ನು ಮೊದಲು ಮುಟ್ಟಿದರೂ, ಯಾವಾಗ ಮುಟ್ಟಿದರೂ ಅಪಸ್ವರ ಆಗುವುದಿಲ್ಲ. ಸಂಗೀತ ಕಲಿಯದವರ ಕೈಗೂ ಶ್ರುತಿ ಸೇರಿದ ವಾದ್ಯ ಕೊಟ್ಟಂತೆ ಇದು.

ನಾನು ಇದನ್ನು ಮೊದಲ ಸಲ ಆಡಿದಾಗ ನೆನಪಾದದ್ದು ಮುಟ್ಟಿದರೆ ಮುನಿ. ಮಲೆನಾಡಿನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಶಾಲೆಯ ದಾರಿಯ ಬದಿಯಲ್ಲಿ ಕೂತು, ಒಂದೊಂದೇ ಎಲೆಗೆ ಬೆರಳು ತಾಗಿಸಿ, ಅದು ಮಡಚಿಕೊಳ್ಳುವುದನ್ನು ನೋಡುತ್ತಾ, ಮತ್ತೆ ಬಿಚ್ಚಿಕೊಳ್ಳುವವರೆಗೆ ಕಾದು ಕೂತ ಮಕ್ಕಳು ನಾವು. ಅಂಗಳದ ಕರ್ಣಕುಂಡಲದ ಬಲಿತ ಕಾಯಿ ಕೂಡ ಹಾಗೆಯೇ, ಬೆರಳು ಸೋಕಿದರೆ ಟಪ್ ಅಂತ ಸಿಡಿದು ಬೀಜ ಚೆಲ್ಲುತ್ತದೆ. ಗೆದ್ದವರು ಯಾರು ಅಂತ ಆ ಆಟದಲ್ಲಿ ಯಾರೂ ಕೇಳಲಿಲ್ಲ. ಆದರೂ ಗಂಟೆಗಟ್ಟಲೆ ಆಡಿದೆವು. 'ನಾನು ಮುಟ್ಟಿದೆ, ಅದಕ್ಕೆ ಗೊತ್ತಾಯಿತು' ಎನ್ನುವುದಷ್ಟೇ ಅದರ ಖುಷಿ. ದೊಡ್ಡವರಾದ ಮೇಲೆ ಆ ಖುಷಿ ಸಿಗುವ ಜಾಗಗಳು ಕಡಿಮೆಯಾಗುತ್ತವೆ. ಇಡೀ ದಿನ ಬೆರಳಿಂದ ಗಾಜು ಉಜ್ಜುತ್ತೇವೆ, ಕೀಲಿ ಒತ್ತುತ್ತೇವೆ. ಬರುವ ಉತ್ತರಗಳೆಲ್ಲ ಇನ್ನೊಂದು ಕೆಲಸವನ್ನೇ ಹೊತ್ತು ತರುತ್ತವೆ.

ಇದನ್ನು ಮಾಡಿದವರ ಕತೆಯಲ್ಲೂ ಒಂದು ಕಿಟಕಿ ಇದೆ. ಜೆನೋವಾ ಚೆನ್ ಹುಟ್ಟಿ ಬೆಳೆದದ್ದು ಚೀನಾದ ಶಾಂಘೈಯಲ್ಲಿ, ಕಟ್ಟಡಗಳ ನಡುವೆ. ಚಿಕ್ಕಂದಿನಲ್ಲಿ ಆಸ್ತಮಾದಿಂದಾಗಿ ಆಗಾಗ ಆಸ್ಪತ್ರೆ ಸೇರಬೇಕಾಗುತ್ತಿತ್ತು. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಗೆಳೆಯರ ಜೊತೆ ಸೇರಿ 2005ರಲ್ಲಿ 'ಕ್ಲೌಡ್' ಎಂಬ ಪುಟ್ಟ ಗೇಮ್ ಮಾಡಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಹುಡುಗನೊಬ್ಬ ಕನಸಿನಲ್ಲಿ ಹಾರುತ್ತಾ ಮೋಡಗಳನ್ನು ಒಟ್ಟುಗೂಡಿಸುತ್ತಾನೆ. ಮರುವರ್ಷ ಕೆಲೀ ಸ್ಯಾಂಟಿಯಾಗೋ ಜೊತೆ ಕಂಪನಿ ಕಟ್ಟಿದರು. ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಹೋಗುವಾಗ ಕಂಡ ಕೊನೆಯಿಲ್ಲದ ಹುಲ್ಲುಗುಡ್ಡಗಳು, ಅವುಗಳ ಮೇಲಿನ ಗಾಳಿಯಂತ್ರಗಳು ಶಾಂಘೈ ಹುಡುಗನ ತಲೆಯಲ್ಲಿ ಉಳಿದುಕೊಂಡವು. ಚಿತ್ರದುರ್ಗದ ಹತ್ತಿರ ಬಸ್ಸಿನ ಕಿಟಕಿಯಿಂದ ಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ಬಾಯಿಬಿಟ್ಟುಕೊಂಡು ನೋಡಿದವರಿಗೆ ಅದು ಅರ್ಥವಾಗುತ್ತದೆ. 'ಫ್ಲವರ್'ನ ಮೂರನೆಯ ಲೆವೆಲ್‌ನಲ್ಲಿ ಆ ಯಂತ್ರಗಳನ್ನು ತಿರುಗಿಸುವುದೇ ನಿಮ್ಮ ಕೆಲಸ.

ಅವರ ತಂಡ ಮಾಡಿದ ದೊಡ್ಡ ಕೆಲಸ ತೆಗೆದುಹಾಕಿದ್ದು ಎಂದು ನನಗೆ ಅನ್ನಿಸುತ್ತದೆ. ಆಟಕ್ಕೆ ಸಿಕ್ಕು ತರುವ, ಆಡುವವರನ್ನು ಪರೀಕ್ಷಿಸುವ ಅಂಶಗಳು ಮೊದಲ ಮಾದರಿಗಳಲ್ಲಿ ಇದ್ದವು. ಅವು ಬಂದ ಕೂಡಲೇ ಆಡುವವರ ಮನಸ್ಸು 'ಗೇಮ್ ಆಡುವ' ಹಳೇ ಚಾಳಿಗೆ ಹೊರಳುತ್ತಿತ್ತು. ಒಂದೊಂದಾಗಿ ಬಿಟ್ಟುಬಿಟ್ಟರು.

ಅದೇ ತಂಡ 2012ರಲ್ಲಿ ಬಂದ 'ಜರ್ನಿ'ಯನ್ನು ಮಾಡುವಾಗ ನಡೆದದ್ದು ಇನ್ನೂ ಕಣ್ಣು ತೆರೆಸುವಂಥದ್ದು. ಅದರಲ್ಲಿ ಮರಳುಗಾಡಿನಲ್ಲಿ ನಡೆಯುವ ನಿಮಗೆ ಅಪರಿಚಿತ ಜೊತೆಗಾರರೊಬ್ಬರು ಸಿಗುತ್ತಾರೆ. ಪ್ರಪಂಚದ ಇನ್ನೆಲ್ಲೋ ಕೂತು ಆಡುತ್ತಿರುವ ನಿಜವಾದ ಮನುಷ್ಯರು ಅವರು. ಮೊದಮೊದಲು ಒಬ್ಬರನ್ನೊಬ್ಬರು ತಳ್ಳಲು ಆಗುತ್ತಿತ್ತು, ಎತ್ತರದ ಜಾಗಕ್ಕೆ ಹತ್ತಲು ಸಹಾಯ ಮಾಡಲಿ ಅಂತ. ಆದರೆ ಜನ ಜೊತೆಗಾರರನ್ನು ಹಳ್ಳಕ್ಕೆ ತಳ್ಳತೊಡಗಿದರು. ಮಕ್ಕಳ ಮನಶ್ಶಾಸ್ತ್ರಜ್ಞರೊಬ್ಬರನ್ನು ಕೇಳಿದಾಗ ಸಿಕ್ಕ ಉತ್ತರವನ್ನು ಚೆನ್ ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ: ಹೊಸ ಲೋಕಕ್ಕೆ ಬಂದವರು ಎಳೆಗೂಸುಗಳ ಹಾಗೆ, ಯಾವುದಕ್ಕೆ ಹೆಚ್ಚು ಪ್ರತಿಕ್ರಿಯೆ ಬರುತ್ತದೋ ಅದನ್ನೇ ಮಾಡುತ್ತಾರೆ, ಒಳ್ಳೆಯದು ಕೆಟ್ಟದ್ದು ಆಮೇಲೆ. ತಂಡ ತಳ್ಳುವುದನ್ನು ತೆಗೆದುಹಾಕಿತು. ಈಗ ಇಬ್ಬರೂ ಹತ್ತಿರ ನಿಂತರೆ ಇಬ್ಬರ ಶಾಲೂ ಬೆಳಗುತ್ತದೆ, ಹಾರುವ ಶಕ್ತಿ ತುಂಬಿಕೊಳ್ಳುತ್ತದೆ. ತಳ್ಳಾಡುತ್ತಿದ್ದ ಜನವೇ ಒಬ್ಬರಿಗೊಬ್ಬರು ಕಾದು ನಿಲ್ಲತೊಡಗಿದರು. ನಮ್ಮೊಳಗೆ ಎರಡೂ ಇದೆ. ಲೋಕ ಯಾವುದಕ್ಕೆ ಓಗೊಡುತ್ತದೋ ಅದು ಹೊರಗೆ ಬರುತ್ತದೆ.

ನಿಮ್ಮ ತಂಗಿ ಅತ್ತದ್ದು ಯಾವ ಲೆವೆಲ್‌ನಲ್ಲಿ ಎಂದು ನೀವು ಬರೆದಿಲ್ಲ. ನನ್ನ ಊಹೆ ಐದನೆಯದು. ಅಲ್ಲಿಯವರೆಗೆ ಎಲ್ಲವೂ ಬೆಳಕು, ಬಣ್ಣ. ನಾಲ್ಕನೆಯದರ ರಾತ್ರಿಯಲ್ಲಿ ದೀಪಗಳನ್ನು ಬೆಳಗಿಸುತ್ತಾ ಹೋಗುತ್ತೀರಿ, ಕೊನೆಗೆ ಬೆಳಕು ಕೆಟ್ಟುಹೋಗುತ್ತದೆ. ಐದನೆಯದರಲ್ಲಿ ಕಗ್ಗತ್ತಲು, ಮಳೆಮೋಡ, ಮುರಿದುಬಿದ್ದ ವಿದ್ಯುತ್ ಕಂಬಗಳ ಕಬ್ಬಿಣ. ಅದಕ್ಕೆ ತಗುಲಿದರೆ ಕರೆಂಟ್ ಹೊಡೆದು ಎಸಳುಗಳು ಸುಟ್ಟು ಕರಕಲಾಗುತ್ತವೆ. ಬೇರೆ ಗೇಮ್‌ಗಳಲ್ಲಿ ನೂರು ಜನ ಸತ್ತರೂ ಕಣ್ಣು ಮಿಟುಕಿಸದವರು ಇಲ್ಲಿ ನಾಲ್ಕು ಎಸಳು ಸುಟ್ಟಿದ್ದಕ್ಕೆ ಕಂಟ್ರೋಲರ್ ಕೆಳಗಿಡುತ್ತಾರೆ. ಒಂದೊಂದೇ ಹೂವನ್ನು ಮುಟ್ಟಿ ಕೂಡಿಸಿಕೊಂಡ ಎಸಳುಗಳು ಅವು. ಆಗಲೂ ಆಟ ನಿಮ್ಮನ್ನು ಸೋಲಿಸುವುದಿಲ್ಲ. 'ಗೇಮ್ ಓವರ್' ಬರುವುದಿಲ್ಲ. ಸುಟ್ಟ ಎಸಳುಗಳನ್ನೇ ಕಟ್ಟಿಕೊಂಡು ಮುಂದೆ ಹೋಗಬೇಕು. ಆರನೆಯ ಲೆವೆಲ್‌ನಲ್ಲಿ ಎಸಳುಗಳೇ ಕಬ್ಬಿಣವನ್ನು ಉರುಳಿಸಿ ಇಡೀ ಊರಿಗೆ ಬಣ್ಣ ತುಂಬುತ್ತವೆ. ಇದನ್ನು ಕಲೆ ಎಂದು ಕರೆಯಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಆದರೂ 2013ರಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ 'ಫ್ಲವರ್' ಅನ್ನು ತನ್ನ ಕಾಯಂ ಸಂಗ್ರಹಕ್ಕೆ ಸೇರಿಸಿಕೊಂಡಾಗ ಸಂತೋಷವಾಯಿತು.

'ಗ್ರಿಸ್' ಇದೇ ದಾರಿಯಲ್ಲಿ ದುಃಖವನ್ನು ನೇರವಾಗಿ ಮುಟ್ಟುತ್ತದೆ. ಬಾರ್ಸಿಲೋನಾದ ನೋಮಾಡಾ ಸ್ಟುಡಿಯೋ 2018ರಲ್ಲಿ ತಂದದ್ದು, ಚಿತ್ರಗಾರ ಕೊನ್ರಾಡ್ ರೋಸೆಟ್ ಕಲ್ಪನೆ. ದನಿ ಕಳೆದುಕೊಂಡ ಹುಡುಗಿಯ ಲೋಕಕ್ಕೆ ಬಣ್ಣಗಳು ಒಂದೊಂದಾಗಿ ವಾಪಸ್ ಬರುತ್ತವೆ. 'ಅಬ್ಜೂ'ನಲ್ಲಿ (2016) ಕಡಲಾಳದ ಕಲ್ಲಿನ ವಿಗ್ರಹದ ಮೇಲೆ ಸುಮ್ಮನೆ ಕೂರಬಹುದು, ಕೂತು ಮೀನು ಬರುವುದು ಹೋಗುವುದನ್ನು ನೋಡಬಹುದು. 'ಫ್ಲವರ್', 'ಜರ್ನಿ' ಎರಡಕ್ಕೂ ಕಲಾ ನಿರ್ದೇಶಕರಾಗಿದ್ದ ಮ್ಯಾಟ್ ನಾವಾ ಅವರದೇ ಗೇಮ್ ಅದು. ಸುಮ್ಮನೆ ಕೂರುವುದನ್ನೂ ಆಟದ ಭಾಗ ಮಾಡಿದ್ದು ನನಗೆ ತುಂಬ ಇಷ್ಟ.

ಇನ್ನು ವಿಜ್ಞಾನ ಏನನ್ನುತ್ತದೆ? 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಒಂದು ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ತೆಗೆದು ನೋಡಿದರೆ, ಕಿಟಕಿಯಾಚೆ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡಿದ್ದರು. ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಇದಕ್ಕೆ ಹತ್ತಿರದ ಒಂದು ವಿವರಣೆ ಕೊಟ್ಟರು. ಕೆಲಸ ಮಾಡುವಾಗ ನಾವು ಗಮನವನ್ನು ಬಲವಂತವಾಗಿ ಒಂದು ಕಡೆ ಹಿಡಿದಿಡುತ್ತೇವೆ, ಅದು ದಣಿಯುತ್ತದೆ. ತೂಗುವ ಎಲೆ, ತೇಲುವ ಮೋಡ, ಹರಿಯುವ ನೀರು ಕಣ್ಣನ್ನು ಸೆಳೆಯುತ್ತವೆ, ಆದರೆ ಹಿಡಿದು ಎಳೆಯುವುದಿಲ್ಲ. ಆ ಹೊತ್ತಿನಲ್ಲಿ ದಣಿದ ಗಮನ ವಿರಮಿಸುತ್ತದೆ. ದಣಿವು ಇಳಿದಾಗ ಅದುಮಿಟ್ಟ ಅಳು ಮೇಲೆ ಬರುವುದು ನಮ್ಮೆಲ್ಲರ ಅನುಭವ. ಬಸ್ಸಿಂದ ಇಳಿದು, ಮನೆಯ ಮೆಟ್ಟಿಲ ಮೇಲೆ ಕೂತು ಅಮ್ಮ ಕೊಟ್ಟ ನೀರು ಕುಡಿಯುವಾಗಲೇ ಅಲ್ಲವೇ ದುಃಖ ಒತ್ತರಿಸಿ ಬರುವುದು?

ಆದರೆ ಇದನ್ನು ಎಳೆದು 'ಇಂಥ ಗೇಮ್ ಆಡಿದರೆ ಮನಸ್ಸು ಸರಿಹೋಗುತ್ತದೆ' ಎನ್ನಬಾರದು. ಆಕ್ಸ್‌ಫರ್ಡ್ ಸಂಶೋಧಕರು 2020ರಲ್ಲಿ, ಕೊರೋನಾ ಕಾಲದಲ್ಲಿ ಲಕ್ಷಾಂತರ ಜನ ಆಡುತ್ತಿದ್ದ 'ಆ್ಯನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಸೇರಿ ಎರಡು ಗೇಮ್‌ಗಳ ಲೆಕ್ಕ ನೋಡಿದಾಗ, ಹೆಚ್ಚು ಆಡಿದವರು ಒಂದಿಷ್ಟು ಹೆಚ್ಚು ನೆಮ್ಮದಿಯಾಗಿದ್ದಂತೆ ಕಂಡಿತು. 2022ರಲ್ಲಿ ಸುಮಾರು 39 ಸಾವಿರ ಜನರನ್ನು ಕೆಲವು ವಾರ ಬೆನ್ನುಹತ್ತಿ ನೋಡಿದರೆ, ಎಷ್ಟು ಹೊತ್ತು ಆಡಿದರು ಎಂಬುದಕ್ಕೂ ನೆಮ್ಮದಿಗೂ ನಂಟು ಇಲ್ಲವೆನ್ನುವಷ್ಟು ಸಣ್ಣದು. ಬಲವಂತದಿಂದಲೋ ಇಷ್ಟಪಟ್ಟೋ, ಏಕೆ ಆಡಿದರು ಎನ್ನುವುದಕ್ಕೆ ಹೆಚ್ಚು ನಂಟಿತ್ತು. ಗೇಮ್‌ನ ಹುಲ್ಲಿನಲ್ಲಿ ಉಂಬಳವಿಲ್ಲ, ಮಣ್ಣಿನ ವಾಸನೆ ಇಲ್ಲ, ಬಿಸಿಲಿಗೆ ಕುತ್ತಿಗೆ ಸುಡುವುದಿಲ್ಲ. ನಿಜವಾದ ಬಯಲಿನ ಬದಲಿಗೆ ಇದು ಸಾಕು ಎಂದು ನಾನು ಹೇಳಲಾರೆ. ಆಸ್ಪತ್ರೆಯ ಹಾಸಿಗೆಯಲ್ಲಿ, ಹತ್ತನೇ ಮಹಡಿಯ ಪೀಜಿ ಕೋಣೆಯಲ್ಲಿ, ರಾತ್ರಿ ಪಾಳಿ ಮುಗಿದ ಮೇಲೆ ಬಯಲು ಎಲ್ಲಿಂದ ತರೋಣ? ಆಗ ಇದೊಂದು ಕಿಟಕಿ.

ಮನಸ್ಸು ಸೋತಿದೆಯಾ ಎಂದು ಕೇಳಿದ್ದಿರಿ. ಎಸಳಿಗೆ ಮರುಗುವ ಮನಸ್ಸು ಗಟ್ಟಿಯಾಗಿಯೇ ಇದೆ. ಆಟ ಮುಗಿದ ಮೇಲೂ ದಿನಗಟ್ಟಲೆ ಅಳು ನಿಲ್ಲದಿದ್ದರೆ, ನಿದ್ದೆ ಊಟ ತಪ್ಪಿದರೆ ಮಾತು ಬೇರೆ. ಆಗ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಇಲ್ಲದಿದ್ದರೆ ತಂಗಿಯನ್ನು ಅಳಲು ಬಿಡಿ, ನೀವೂ ಪಕ್ಕದಲ್ಲಿ ಕೂರಿ. 'ಫ್ಲವರ್' ಐಫೋನಿಗೂ ಕಂಪ್ಯೂಟರಿಗೂ ಬಂದಿದೆ. ಹೆಡ್‌ಫೋನ್ ಹಾಕಿಕೊಂಡು ರಾತ್ರಿಗೆ ಒಂದೇ ಲೆವೆಲ್ ಆಡಿ, ಮುಗಿಸುವ ಆತುರ ಬೇಡ.

ಪಕ್ಕದಲ್ಲಿ ಕೂರಿ ಅಂದದ್ದಕ್ಕೆ ಕಾರಣವಿದೆ. ಒಂದು ಮಳೆಗಾಲದಲ್ಲಿ ಸಾಗರದ ಮನೆಯಲ್ಲಿ ನಾನು ಇದನ್ನು ಟಿವಿಗೆ ಹಾಕಿ ಆಡುತ್ತಿದ್ದೆ. ದೊಡ್ಡಮ್ಮ ಹೂಬತ್ತಿ ಹೊಸೆಯುತ್ತಾ ಹಿಂದೆ ಕೂತಿದ್ದರು. ವಿಡಿಯೋ ಗೇಮ್ ಅಂದರೆ ಏನೆಂದೂ ಅವರಿಗೆ ಗೊತ್ತಿಲ್ಲ. ಒಂದು ಬಯಲು ಪೂರ್ತಿ ಹಸಿರಾಯಿತು, ನಾನು ಮುಂದಕ್ಕೆ ಹೊರಟೆ. "ತಮ್ಮಾ, ನಿಲ್ಲು. ಆ ಕಲ್ಲಿನ ಮೂಲೇಲಿ ಒಂದು ಬಿಟ್ಟೆ ನೋಡು" ಅಂದರು. ಆ ಹೂವು ಅರಳಿದರೂ ಅರಳದಿದ್ದರೂ ಆಟಕ್ಕೆ ಲೆಕ್ಕವಿಲ್ಲ, ಮುಂದಿನ ದಾರಿ ಆಗಲೇ ತೆರೆದಿತ್ತು. ಗಾಳಿಯನ್ನು ತಿರುಗಿಸಿಕೊಂಡು ವಾಪಸ್ ಹೋದೆ. ಎರಡು ಸಲ ಗುರಿ ತಪ್ಪಿತು. ಮೂರನೆಯ ಸಲ ಅದು ಬಿಚ್ಚಿಕೊಂಡು ತನ್ನ ಒಂದು ಸ್ವರ ನುಡಿಯಿತು. ದೊಡ್ಡಮ್ಮ "ಹ್ಞಾಂ" ಅಂದು ಬತ್ತಿ ಹೊಸೆಯುವುದನ್ನು ಮುಂದುವರಿಸಿದರು.