ಹ್ಯೂಸ್ಟನ್ನಿನ ಕಾಣದ ಕೇರಿಗಳು: ಅವು ಮರೆಗೆ ಸರಿದದ್ದು ಹೇಗೆ

ಟೆಕ್ಸಸ್‌ನಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರು ಹ್ಯೂಸ್ಟನ್ ನೋಡಿಕೊಂಡು ಬಂದು ತೋರಿಸುವ ಫೋಟೊಗಳು ಹೆಚ್ಚುಕಡಿಮೆ ಒಂದೇ ತರಹ. ನಾಸಾದ ರಾಕೆಟ್, ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ, ಗ್ಯಾಲರಿಯಾ ಮಾಲ್, ಗ್ಯಾಲ್ವೆಸ್ಟನ್ನಿನ ಕಡಲತೀರ. ಇವುಗಳಲ್ಲಿ ಎರಡು ಹ್ಯೂಸ್ಟನ್ ನಗರದ ಎಲ್ಲೆಯೊಳಗೇ ಇಲ್ಲ. ಊರಲ್ಲಿ ನೋಡೋಕೆ ಬೇರೇನಿದೆ, ಬರೀ ಫ್ಲೈಓವರು, ಬರೀ ಪಾರ್ಕಿಂಗು ಎಂಬ ಮಾತು ಅಲ್ಲೇ ವರ್ಷಗಟ್ಟಲೆ ಬಾಳಿದವರ ಬಾಯಲ್ಲೂ ಬರುತ್ತದೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. 23 ಲಕ್ಷ ಜನರಿರುವ, ಅಮೆರಿಕದ ನಾಲ್ಕನೆಯ ಅತಿದೊಡ್ಡ ನಗರವಾದ ಹ್ಯೂಸ್ಟನ್‌ನಲ್ಲಿ ನೋಡತಕ್ಕದ್ದೂ ತಿನ್ನತಕ್ಕದ್ದೂ ಧಾರಾಳವಾಗಿದೆ. ಅದಿರುವುದು ಸುಲಭವಾಗಿ ಕಣ್ಣಿಗೆ ಬೀಳದ ಕಡೆ. ಅಲ್ಲಿಗೆ ಅದು ತಾನಾಗಿ ಹೋದದ್ದೂ ಅಲ್ಲ.

1836ರಲ್ಲಿ ಆಗಸ್ಟಸ್ ಮತ್ತು ಜಾನ್ ಅಲೆನ್ ಎಂಬ ಅಣ್ಣತಮ್ಮಂದಿರು ಬಫಲೊ ಬೈಯು ಎಂಬ ಮಂದಗತಿಯ ತೊರೆಯ ದಂಡೆಯಲ್ಲಿ ಜಮೀನು ಕೊಂಡು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಸೈಟು ಮಾರಿದರು. ಊರು ಹುಟ್ಟಿದ್ದೇ ರಿಯಲ್ ಎಸ್ಟೇಟ್ ವ್ಯವಹಾರವಾಗಿ, ಆ ಗುಣ ಇಂದಿಗೂ ಬಿಟ್ಟಿಲ್ಲ. ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ಜಾಗ ಗುರುತಿಸುವ ಝೋನಿಂಗ್ ಕಾಯ್ದೆ ಅಮೆರಿಕದ ದೊಡ್ಡ ನಗರಗಳಿಗೆಲ್ಲ ಇದೆ, ಹ್ಯೂಸ್ಟನ್‌ಗೆ ಇಲ್ಲ. 1948, 1962, 1993ರಲ್ಲಿ ಮೂರು ಸಲ ವಿಷಯ ಮತದಾರರ ಮುಂದೆ ಹೋಯಿತು, ಮೂರು ಸಲವೂ ಬಿದ್ದುಹೋಯಿತು. ಹಾಗಂತ ಯಾವ ಕಟ್ಟುಪಾಡೂ ಇಲ್ಲವೆಂದಲ್ಲ. ಅನುಕೂಲಸ್ಥರ ಬಡಾವಣೆಗಳು ಮನೆಯ ಕ್ರಯಪತ್ರದಲ್ಲೇ ಷರತ್ತುಗಳನ್ನು ಬರೆಸಿಕೊಂಡವು. ಇಲ್ಲಿ ಗ್ಯಾರೇಜು ಬರಕೂಡದು, ಇಲ್ಲಿ ಅಪಾರ್ಟ್‌ಮೆಂಟ್ ಏಳಕೂಡದು. ಅಂಥ ಷರತ್ತುಗಳನ್ನು ಜಾರಿಯಲ್ಲಿಡಲು ವಕೀಲರು ಬೇಕು, ದುಡ್ಡು ಬೇಕು. ಅವೆರಡೂ ಇಲ್ಲದ ಕೇರಿಗೆ ಏನು ಬೇಕಾದರೂ ಬರಬಹುದಿತ್ತು.

ಬಂದದ್ದೇನೆಂದು ತೋರಿಸಿದವರು ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲರ್ಡ್. 1979ರಲ್ಲಿ, ಕಪ್ಪು ಜನರ ಬಡಾವಣೆಯೊಂದರ ಪಕ್ಕ ಕಸದ ಗುಂಡಿ ಬರುವುದರ ವಿರುದ್ಧ ನಿವಾಸಿಗಳು ಕೋರ್ಟಿಗೆ ಹೋದಾಗ, ಬುಲರ್ಡ್ ಊರಿನ ಕಸ ಎಲ್ಲೆಲ್ಲಿ ಹೋಗುತ್ತದೆಂದು ನಕ್ಷೆ ಹಾಕಿದರು. ನಗರಸಭೆಯ ಐದು ಕಸದ ಗುಂಡಿಗಳಲ್ಲಿ ಐದೂ, ಕಸ ಸುಡುವ ಎಂಟು ಘಟಕಗಳಲ್ಲಿ ಆರೂ ಕಪ್ಪು ಜನರ ಕೇರಿಗಳಲ್ಲಿದ್ದವು. ಆಗ ಊರಿನಲ್ಲಿ ಆ ಜನರ ಪ್ರಮಾಣ ಸುಮಾರು ನಾಲ್ಕರಲ್ಲಿ ಒಂದು. ಮೊಕದ್ದಮೆಯಲ್ಲಿ ನಿವಾಸಿಗಳು ಸೋತರು. ಆದರೆ ಪರಿಸರ ನ್ಯಾಯ ಎಂದು ಇಂದು ಜಗತ್ತು ಕರೆಯುವ ಚಳವಳಿಗೆ ಆ ನಕ್ಷೆ ಒಂದು ಮೊದಲ ಮೆಟ್ಟಿಲಾಯಿತು.

ಈ ಕೇರಿಗಳನ್ನು ಹ್ಯೂಸ್ಟನ್ನಿನವರು ಇಂದಿಗೂ ವಾರ್ಡ್ ಎನ್ನುತ್ತಾರೆ. ಚುನಾವಣೆಯ ಲೆಕ್ಕದಲ್ಲಿ ವಾರ್ಡುಗಳು ಹೋಗಿ ನೂರು ವರ್ಷವೇ ದಾಟಿದೆ, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. 1865ರ ಜೂನ್ 19ರಂದು ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮಗಿರಿ ಮುಗಿಯಿತೆಂದು ಘೋಷಣೆಯಾದ ಮೇಲೆ, ಸುತ್ತಲಿನ ಹತ್ತಿ-ಕಬ್ಬಿನ ತೋಟಗಳಿಂದ ಬಿಡುಗಡೆಯಾದವರು ಹ್ಯೂಸ್ಟನ್ ಕಡೆಗೆ ನಡೆದುಬಂದರು. ತೊರೆಯ ದಕ್ಷಿಣಕ್ಕೆ, ನೀರು ನುಗ್ಗುವ ತಗ್ಗಿನಲ್ಲಿ, ಬೇರೆ ಯಾರಿಗೂ ಬೇಡವಾದ ನೆಲದಲ್ಲಿ ಮನೆ ಕಟ್ಟಿಕೊಂಡರು. ಫೋರ್ತ್ ವಾರ್ಡಿನ ಫ್ರೀಡ್‌ಮೆನ್ಸ್ ಟೌನ್ ಎಂದರೆ ಅದೇ. ನಗರಸಭೆ ರಸ್ತೆ ಹಾಕಿಸದಿದ್ದಾಗ ನಿವಾಸಿಗಳೇ ದುಡ್ಡು ಕೂಡಿಸಿ, ತಾವೇ ಇಟ್ಟಿಗೆ ಹಾಸಿದರೆಂಬ ನೆನಪು ಅಲ್ಲಿನ ಮನೆತನಗಳಲ್ಲಿ ಉಳಿದುಬಂದಿದೆ. ಆಂಡ್ರ್ಯೂಸ್ ರಸ್ತೆಯಲ್ಲಿ ಆ ಇಟ್ಟಿಗೆಗಳ ಮೇಲೆ ಈಗಲೂ ನಡೆಯಬಹುದು. ಅವನ್ನು ಉಳಿಸಿಕೊಳ್ಳುವುದಕ್ಕೂ ಹೋರಾಡಬೇಕಾಯಿತು. 2016ರಲ್ಲಿ ಗುತ್ತಿಗೆದಾರರ ಕಡೆಯವರು ಒಂದಷ್ಟು ಇಟ್ಟಿಗೆ ಕಿತ್ತುಹಾಕಿದಾಗ ಇಡೀ ಕೇರಿ ಎದ್ದು ನಿಂತಿತು.

ಆ ಕೇರಿಯ ಒಂದು ಭಾಗವನ್ನು 1940ರ ದಶಕದಲ್ಲಿ ಸರ್ಕಾರಿ ವಸತಿಗೆಂದು ಕೆಡವಿದರು. ಅಲ್ಲಿ ಮೊದಲು ಮನೆ ಸಿಕ್ಕಿದ್ದು ಬಿಳಿಯರಿಗೆ. ಇನ್ನೊಂದು ಭಾಗದ ಮೇಲೆ ಇಂಟರ್‌ಸ್ಟೇಟ್ 45 ಹಾದುಹೋಯಿತು. 1985ರಲ್ಲಿ ಇದು ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿದಾಗ ಐನೂರಕ್ಕೂ ಹೆಚ್ಚು ಹಳೆಯ ಕಟ್ಟಡಗಳಿದ್ದವು. ಅವುಗಳಲ್ಲಿ ಬಹುಪಾಲು ಈಗಿಲ್ಲ. ಡೌನ್‌ಟೌನಿನ ಗಾಜಿನ ಗೋಪುರಗಳಿಂದ ಕಾಲ್ನಡಿಗೆಯ ದೂರದಲ್ಲಿ ಇಷ್ಟು ದೊಡ್ಡ ಚರಿತ್ರೆ ಇದ್ದೂ ಪ್ರವಾಸಿ ಬಸ್ಸುಗಳಿಗೆ ಅದು ಕಾಣಲಿಲ್ಲವೆಂದರೆ, ಮೊದಲು ಅದನ್ನು ಕಾಣಬಾರದೆಂದು ಊರೇ ತೀರ್ಮಾನಿಸಿತ್ತು ಎಂದೇ ನಾನು ತಿಳಿಯುತ್ತೇನೆ.

ನನ್ನನ್ನು ಕೇಳಿದರೆ ಹ್ಯೂಸ್ಟನ್‌ನಲ್ಲಿ ಒಂದೇ ದಿನ ಇರುವವರು ನಾಸಾ ಬಿಟ್ಟಾದರೂ ಥರ್ಡ್ ವಾರ್ಡ್ ನೋಡಬೇಕು. 1872ರಲ್ಲಿ ಪಾದ್ರಿ ಜ್ಯಾಕ್ ಯೇಟ್ಸ್ ಮತ್ತು ಸಂಗಡಿಗರು, ಗುಲಾಮಗಿರಿ ಮುಗಿದು ಏಳೇ ವರ್ಷವಾಗಿದ್ದಾಗ, ಬಿಡುಗಡೆಯ ಹಬ್ಬ ಆಚರಿಸಲು ತಮ್ಮದೇ ಜಾಗ ಇರಲೆಂದು ಚಂದಾ ಎತ್ತಿ 10 ಎಕರೆ ಕೊಂಡರು. ಅದು ಎಮ್ಯಾನ್ಸಿಪೇಶನ್ ಪಾರ್ಕ್. ಬಿಳಿಯರನ್ನೂ ಕಪ್ಪು ಜನರನ್ನೂ ಕಾಯ್ದೆಯೇ ಬೇರೆಬೇರೆ ಇಟ್ಟಿದ್ದ ಕಾಲದಲ್ಲಿ ಹಲವು ವರ್ಷ, ಇಡೀ ಊರಿನಲ್ಲಿ ಕಪ್ಪು ಜನ ಕಾಲಿಡಬಹುದಾಗಿದ್ದ ಸಾರ್ವಜನಿಕ ಉದ್ಯಾನ ಅದೊಂದೇ. ಅದರ ಮುಂದಿನ ರಸ್ತೆಗೆ ಮಾತ್ರ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದಲ್ಲಿ ನಿಂತು ಹೋರಾಡಿದ ಡಿಕ್ ಡೌಲಿಂಗ್‌ನ ಹೆಸರಿತ್ತು. ಬಿಡುಗಡೆಯ ಉದ್ಯಾನಕ್ಕೆ ಬರುವವರು ಅವನ ಹೆಸರಿನ ರಸ್ತೆಯಲ್ಲೇ ಬರಬೇಕಿತ್ತು. 2017ರಲ್ಲಷ್ಟೇ ಅದು ಎಮ್ಯಾನ್ಸಿಪೇಶನ್ ಅವೆನ್ಯೂ ಆಯಿತು.

ಹತ್ತಿರದಲ್ಲೇ ಪ್ರಾಜೆಕ್ಟ್ ರೋ ಹೌಸಸ್ ಇದೆ. ಅಗಲ ಕಡಿಮೆಯಾಗಿ, ಒಂದರ ಹಿಂದೊಂದು ಕೋಣೆ ಇರುವ ಪುಟ್ಟ ಮರದ ಮನೆಗಳಿಗೆ ಅಲ್ಲಿ ಶಾಟ್‌ಗನ್ ಮನೆ ಎನ್ನುತ್ತಾರೆ. ಪಾಳುಬಿದ್ದು ಕೆಡವುವ ಹಂತದಲ್ಲಿದ್ದ ಅಂಥ 22 ಮನೆಗಳನ್ನು 1993ರಲ್ಲಿ ರಿಕ್ ಲೋ ಮತ್ತು ಜೊತೆಯ ಕಲಾವಿದರು ಉಳಿಸಿಕೊಂಡರು. ಟೆಕ್ಸಸ್ ಸದರ್ನ್‌ನಲ್ಲಿ ಕಲೆ ಕಲಿಸುತ್ತಿದ್ದ ಜಾನ್ ಬಿಗರ್ಸ್ ಈ ಮನೆಗಳನ್ನೇ ಮತ್ತೆ ಮತ್ತೆ ಚಿತ್ರಿಸಿದ್ದರು. ಲೋ ಅವರಿಗೆ ದಾರಿ ಹೊಳೆದದ್ದು ಆ ಚಿತ್ರಗಳಿಂದ. ಕೆಲವು ಮನೆಗಳಲ್ಲಿ ಕಲಾಪ್ರದರ್ಶನ ನಡೆಯುತ್ತದೆ. ಕೆಲವನ್ನು ಓದು ಮುಂದುವರಿಸುವ ಒಂಟಿ ತಾಯಂದಿರ ವಾಸಕ್ಕೆ ಬಿಟ್ಟರು. ಇದೇ ಸಂಸ್ಥೆ, 1939ರಲ್ಲಿ ಶುರುವಾಗಿ ಬ್ಲೂಸ್ ಮತ್ತು ಜಾಝ್ ಸಂಗೀತದ ದೊಡ್ಡ ಮನೆಯಾಗಿದ್ದ ಎಲ್ಡೊರಾಡೊ ಬಾಲ್‌ರೂಮ್ ಅನ್ನು ದುರಸ್ತಿ ಮಾಡಿ 2023ರಲ್ಲಿ ಮತ್ತೆ ತೆರೆಯಿತು. ವಸ್ತುಸಂಗ್ರಹಾಲಯ ಎಂದರೆ ಗಾಜಿನ ಪೆಟ್ಟಿಗೆ ಎಂದುಕೊಂಡವರು ಇಲ್ಲಿಗೊಮ್ಮೆ ಹೋಗಬೇಕು. ಜನ ವಾಸವಿರುವ ಬೀದಿಯೇ ಇಲ್ಲಿ ಪ್ರದರ್ಶನ.

ಫಿಫ್ತ್ ವಾರ್ಡ್ ಇನ್ನೂ ಹೆಚ್ಚು ಪೆಟ್ಟು ತಿಂದದ್ದು. ಪಕ್ಕದ ಲೂಯಿಸಿಯಾನ ರಾಜ್ಯದಿಂದ ಬಂದ, ಫ್ರೆಂಚ್ ಮತ್ತು ಆಫ್ರಿಕನ್ ಮೂಲ ಬೆರೆತ ಕ್ರಿಯೋಲ್ ಜನ 1922ರಲ್ಲಿ ಅಲ್ಲಿ ಫ್ರೆಂಚ್‌ಟೌನ್ ಕಟ್ಟಿ, ಅಕಾರ್ಡಿಯನ್ ಮುಂದಿಟ್ಟು ನುಡಿಸುವ, ಮುಂದೆ ಝೈಡೆಕೊ ಎನಿಸಿದ ಸಂಗೀತವನ್ನು ಊರಿಗೆ ತಂದರು. ಅಮೆರಿಕದ ಸಂಸತ್ತಿನಲ್ಲಿ ಗುಡುಗಿದ ಬಾರ್ಬರಾ ಜೋರ್ಡನ್ ಹುಟ್ಟಿ ಬೆಳೆದದ್ದು ಇದೇ ವಾರ್ಡಿನಲ್ಲಿ. ಎರಡು ಫ್ರೀವೇಗಳು ಅದನ್ನು ಕತ್ತರಿಸಿ ಹಾಕಿದವು.

ಪೂರ್ವಕ್ಕೆ ಸೆಕೆಂಡ್ ವಾರ್ಡ್, ಮೆಕ್ಸಿಕನ್ನರ ಕೇರಿ. 1914ರಲ್ಲಿ ಹಡಗು ಕಾಲುವೆ ತೆರೆದ ಮೇಲೆ ಬಂದರು, ರೈಲು, ಗೋದಾಮುಗಳ ಕೆಲಸ ಹುಡುಕಿ ಬಂದವರ ನೆಲೆ ಅದು. ಅಲ್ಲಿ ನ್ಯಾವಿಗೇಶನ್ ಬೊಲೆವಾರ್ಡಿನಲ್ಲಿ ನಿಂಫಾ ಲೊರೆಂಜೊ ಎಂಬ ವಿಧವೆ ಗಂಡನ ಕಾಲದ, ಟೊರ್ಟಿಯಾ ಎಂಬ ಮೆಕ್ಸಿಕನ್ ರೊಟ್ಟಿಯ ಕಾರ್ಖಾನೆ ನಡೆಯದೆ ಒದ್ದಾಡುತ್ತಿದ್ದರು. 1973ರಲ್ಲಿ ಕಾರ್ಖಾನೆಯ ಮುಂಭಾಗದಲ್ಲೇ ಹತ್ತು ಮೇಜು ಹಾಕಿ ಊಟ ಬಡಿಸಲು ನಿಂತರು. ಕೆಂಡದ ಮೇಲೆ ಸುಟ್ಟ ಮಾಂಸವನ್ನು ಆಗಷ್ಟೇ ತಟ್ಟಿ ಬೇಯಿಸಿದ ಬಿಸಿ ಟೊರ್ಟಿಯಾದಲ್ಲಿ ಸುತ್ತಿ ಕೊಟ್ಟದ್ದು ಜನರಿಗೆ ಹುಚ್ಚು ಹಿಡಿಸಿತು. ಇಂದು ಫಹೀಟಾ ಎಂದು ಬೆಂಗಳೂರಿನ ಮೆನುಗಳಲ್ಲೂ ಕಾಣುವ ತಿನಿಸು ಮನೆಮಾತಾದದ್ದರಲ್ಲಿ ಆ ಹತ್ತು ಮೇಜುಗಳ ಪಾಲು ದೊಡ್ಡದು. ಅದೇ ಜಾಗದಲ್ಲಿ ಆ ಹೋಟೆಲು ಈಗಲೂ ಇದೆ.

ಊಟದ ಚರಿತ್ರೆಯ ದೊಡ್ಡ ತಿರುವು ನಡೆದದ್ದು ನೈರುತ್ಯದಲ್ಲಿ, ಮತ್ತು ಅದಕ್ಕೆ ಕಾರಣ ಒಂದು ಆರ್ಥಿಕ ಕುಸಿತ. ಕಚ್ಚಾ ತೈಲದ ಬೆಲೆ ಏರುತ್ತಿದ್ದ ಕಾಲಕ್ಕೆ ಅತ್ತ ಕಡೆ ಫ್ರೀವೇ ಗುಂಟ ಸಾವಿರಾರು ಅಪಾರ್ಟ್‌ಮೆಂಟ್, ಮೈಲುಗಟ್ಟಲೆ ಅಂಗಡಿಸಾಲು ಎದ್ದಿದ್ದವು. ಈಜುಕೊಳ ಇರುವ ಆ ಅಪಾರ್ಟ್‌ಮೆಂಟ್‌ಗಳನ್ನು ಕಟ್ಟಿದ್ದು ಕೈತುಂಬ ಸಂಬಳದ ಅವಿವಾಹಿತ ತರುಣರಿಗಾಗಿ. 1982ರಿಂದ ತೈಲ ವ್ಯವಹಾರ ಕುಸಿಯತೊಡಗಿ, 1986ರಲ್ಲಿ ನೆಲಕಚ್ಚಿತು. ಹ್ಯೂಸ್ಟನ್ ಎರಡು ಲಕ್ಷಕ್ಕೂ ಹೆಚ್ಚು ಉದ್ಯೋಗ ಕಳೆದುಕೊಂಡಿತು. ಬಾಡಿಗೆ ಇಳಿಯಿತು, ಅಂಗಡಿಗಳಿಗೆ ಬೀಗ ಬಿತ್ತು. ಹೊಸದಾಗಿ ಬಂದವರಿಗೆ ಕೈಗೆಟುಕಿದ ಊರು ಅದೇ. ಎಲ್ ಸಾಲ್ವಡೊರ್, ಗ್ವಾಟೆಮಾಲಾಗಳಿಂದ ಬಂದವರು ಗಲ್ಫ್‌ಟನ್‌ನಲ್ಲಿ, ವಿಯೆಟ್ನಾಮಿಗಳು ಮತ್ತು ಚೀನೀಯರು ಬೆಲೇರ್ ಬೊಲೆವಾರ್ಡಿನಲ್ಲಿ, ನೈಜೀರಿಯಾದವರು ಬಿಸೊನೆಟ್ ಮತ್ತು ಏಲೀಫ್ ಕಡೆ, ನಮ್ಮವರು ಹಿಲ್‌ಕ್ರಾಫ್ಟ್‌ನಲ್ಲಿ ಅಂಗಡಿ ತೆರೆದರು. ಝೋನಿಂಗ್ ಇಲ್ಲದಿದ್ದದ್ದು ಇಲ್ಲಿ ಮಾತ್ರ ಬಡವರ ಕೈಹಿಡಿಯಿತು. ಖಾಲಿ ಮಳಿಗೆ ಸಿಕ್ಕರೆ ಸಾಕು, ಹೋಟೆಲು, ದೇವಸ್ಥಾನ, ದರ್ಜಿಯಂಗಡಿ ಯಾವುದನ್ನಾದರೂ ಶುರು ಮಾಡಬಹುದಿತ್ತು.

ವಿಯೆಟ್ನಾಮಿಗಳು ಇಲ್ಲಿಗೆ ಬಂದ ದಾರಿಯನ್ನು ಸ್ವಲ್ಪ ನಿಂತು ನೋಡಬೇಕು. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಸೇರಿದ ಮೇಲೆ ಬಂದ ನಿರಾಶ್ರಿತರಲ್ಲಿ ಅನೇಕರು ಮೀನುಗಾರರು. ಟೆಕ್ಸಸ್ ಕರಾವಳಿಯ ಬಿಸಿ, ಸೀಗಡಿ, ದೋಣಿ ಎಲ್ಲ ಅವರಿಗೆ ಪರಿಚಿತ. ಸ್ಥಳೀಯ ಬಿಳಿ ಮೀನುಗಾರರ ಸಿಟ್ಟನ್ನು ಬಳಸಿಕೊಂಡು ಬಿಳಿಯರ ಮೇಲುಗೈ ಸಾರುವ ಕು ಕ್ಲಕ್ಸ್ ಕ್ಲ್ಯಾನ್ ಎಂಬ ಸಂಘಟನೆ ಅವರ ಮೇಲೆ ಬಿತ್ತು, ದೋಣಿಗಳಿಗೆ ಬೆಂಕಿ ಬಿತ್ತು. 1981ರಲ್ಲಿ ವಿಯೆಟ್ನಾಮಿ ಮೀನುಗಾರರು ಹ್ಯೂಸ್ಟನ್ನಿನ ಫೆಡರಲ್ ಕೋರ್ಟಿಗೆ ಹೋದರು. ಕ್ಲ್ಯಾನ್‌ಗೆ ತಡೆಯಾಜ್ಞೆ ಕೊಟ್ಟ ನ್ಯಾಯಾಧೀಶೆ ಗೇಬ್ರಿಯೆಲ್ ಮೆಕ್‌ಡೊನಾಲ್ಡ್ ಕಪ್ಪು ಮಹಿಳೆ.

ಊರೊಳಗಿನ ಅವರ ಮೊದಲ ಪೇಟೆ ಇದ್ದದ್ದು ಡೌನ್‌ಟೌನ್ ಪಕ್ಕದ ಮಿಡ್‌ಟೌನ್‌ನಲ್ಲಿ, ಮೈಲಮ್ ರಸ್ತೆಯ ಸುತ್ತ. ಅಲ್ಲಿ ಬಾಡಿಗೆ ಏರಿದಂತೆ ಬೆಲೇರ್‌ಗೆ ಸರಿದರು. ಡೌನ್‌ಟೌನ್ ಪೂರ್ವದ ಹಳೆಯ ಚೈನಾಟೌನಿನ ಕತೆಯೂ ಅದೇ. ಇಂದು ಬೆಲೇರ್‌ನ ಅಂಗಡಿಸಾಲುಗಳಲ್ಲಿ ಸಿಗುವ ವಿಯೆಟ್-ಕೇಜನ್ ಕ್ರಾಫಿಶ್ ಹ್ಯೂಸ್ಟನ್ನಿನ ಸ್ವಂತ ಅಡುಗೆ ಎನ್ನಬಹುದು. ಲೂಯಿಸಿಯಾನದ ಕೇಜನ್ ಪದ್ಧತಿಯಲ್ಲಿ ಸೀಗಡಿಯನ್ನು ಹೋಲುವ ಈ ಸಿಹಿನೀರಿನ ಜೀವಿಯನ್ನು ಮಸಾಲೆ ನೀರಲ್ಲಿ ಬೇಯಿಸಿ ಹಾಗೇ ಸುರಿದು ಕೊಡುತ್ತಾರೆ. ವಿಯೆಟ್ನಾಮಿಗಳು ಬೇಯಿಸಿದ ಮೇಲೆ ಬೆಣ್ಣೆ, ರಾಶಿ ಬೆಳ್ಳುಳ್ಳಿ, ಮೆಣಸಿನಪುಡಿ, ಕೆಲವರು ಮಜ್ಜಿಗೆಹುಲ್ಲನ್ನೂ ಹಾಕಿ ಹೊರಳಾಡಿಸುತ್ತಾರೆ. ಕುಂದಾಪುರದ ಘೀ ರೋಸ್ಟ್ ತಿಂದ ನಾಲಗೆಗೆ ಇದು ದೂರದ ನೆಂಟನಂತೆ ಕಾಣುತ್ತದೆ. ಚಳಿಗಾಲದ ಕೊನೆಯಿಂದ ಬೇಸಿಗೆ ಶುರುವಾಗುವ ತನಕ ಇದರ ಕಾಲ. ಕೈಯಲ್ಲೇ ಸುಲಿದು ತಿನ್ನಬೇಕು, ನಾಜೂಕು ನಡೆಯುವುದಿಲ್ಲ.

ಹಿಲ್‌ಕ್ರಾಫ್ಟ್‌ಗೆ 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಹೆಸರು ಬಂತು. ಸೀರೆಯಂಗಡಿ, ಚಿನ್ನದಂಗಡಿ, ಗುಜರಾತಿ ಸಿಹಿತಿಂಡಿ, ಪಾಕಿಸ್ತಾನಿ ಕಬಾಬು, ಇರಾನಿ ರೊಟ್ಟಿ ಎಲ್ಲ ಅಕ್ಕಪಕ್ಕ. ಕನ್ನಡ ಕುಟುಂಬಗಳೂ ಬಹಳ ಕಾಲ ತಿಂಗಳ ದಿನಸಿಗೆ ಇಲ್ಲಿಗೇ ಬರುತ್ತಿದ್ದವು. 2000ದಲ್ಲಿ ಅಮೆರಿಕ ಕನ್ನಡ ಕೂಟಗಳ ಆಗರದ (ಅಕ್ಕ) ವಿಶ್ವ ಕನ್ನಡ ಸಮ್ಮೇಳನ ಹ್ಯೂಸ್ಟನ್‌ನಲ್ಲಿ ನಡೆಯಿತೆಂದರೆ ಆ ಹೊತ್ತಿಗೆ ಇಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದ್ದೆವೆಂದು ಊಹಿಸಬಹುದು. ಆಮೇಲೆ ನಮ್ಮವರು ಶುಗರ್‌ಲ್ಯಾಂಡ್, ಕೇಟಿ, ಪೇರ್‌ಲ್ಯಾಂಡ್ ಎಂದು ದೂರ ಹೋದರು. ದೋಸೆಯೂ ಅಲ್ಲಿಗೇ ಹೋಯಿತು. ನಮ್ಮನ್ನು ಕಷ್ಟದ ದಿನಗಳಲ್ಲಿ ಪೊರೆದ ಬೀದಿಯನ್ನು ನಾವೇ ಈಗ ಮಕ್ಕಳಿಗೆ ತೋರಿಸುವುದಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಕಟ್ಟುಪಾಡಿಲ್ಲದ ಊರಿನ ಇನ್ನೊಂದು ಫಲ, ಒಬ್ಬೊಬ್ಬರೇ ಕಟ್ಟಿದ ವಿಚಿತ್ರ ಸುಂದರ ತಾಣಗಳು. ಟಪಾಲು ಹಂಚುತ್ತಿದ್ದ ಜೆಫ್ ಮೆಕಿಸ್ಸಾಕ್, ಕಿತ್ತಳೆ ಹಣ್ಣಿನ ಮಹಿಮೆ ಸಾರಲೆಂದು ಹಳೆಯ ಹೆಂಚು, ಗಾಡಿಚಕ್ರ, ಕಬ್ಬಿಣ ಕೂಡಿಸಿ ಎರಡು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ದುಡಿದು ಆರೆಂಜ್ ಶೋ ಕಟ್ಟಿ 1979ರಲ್ಲಿ ತೆರೆದರು. ಸಾಮಾನ್ಯ ಮನೆಗಳ ನಡುವೆಯೇ ಅದಿದೆ. ಬೇರೆ ಊರಾಗಿದ್ದರೆ ಅಡಿಪಾಯಕ್ಕೇ ನೋಟಿಸು ಬರುತ್ತಿತ್ತು. ಬಫಲೊ ಬೈಯು ಉದ್ಯಾನದ ನೆಲದಡಿ 1926ರ ಕುಡಿಯುವ ನೀರಿನ ತೊಟ್ಟಿಯಿದೆ. 25 ಅಡಿ ಎತ್ತರದ 221 ಕಂಬಗಳ ಕತ್ತಲೆ ಸಭಾಂಗಣವದು. ಕೆಡವಲು ಹೊರಟಾಗ ಒಳಗಿಳಿದು ನೋಡಿದವರು ಬೆರಗಾಗಿ ಉಳಿಸಿಕೊಂಡು, 2016ರಲ್ಲಿ ಜನರಿಗೆ ತೆರೆದರು. ಅಲ್ಲಿಂದ ಸ್ವಲ್ಪ ದೂರದ ವಾ ಡ್ರೈವ್ ಸೇತುವೆಯಡಿ ಲಕ್ಷಗಟ್ಟಲೆ ಬಾವಲಿಗಳಿವೆ. ಸಂಜೆ ಅವು ಹೊರಬೀಳುವುದನ್ನು ನೋಡಲು ದುಡ್ಡು ಕೊಡಬೇಕಿಲ್ಲ.

ಕಾರು ಓಡಿಸದ ಅಪ್ಪ-ಅಮ್ಮಂದಿರಿಗೆ ಒಂದು ಮಾತು. 2015ರಿಂದ ಹಸಿರು ರೈಲು ಮಾರ್ಗ ಸೆಕೆಂಡ್ ವಾರ್ಡ್ ಕಡೆ, ನೇರಳೆ ಮಾರ್ಗ ಥರ್ಡ್ ವಾರ್ಡಿನ ಕಡೆ ಡೌನ್‌ಟೌನಿನಿಂದ ಹೋಗುತ್ತವೆ. ಬೆಲೇರ್, ಹಿಲ್‌ಕ್ರಾಫ್ಟ್‌ಗೆ ರೈಲಿಲ್ಲ.

ಈಗಿನ ಸ್ಥಿತಿ ಹೀಗಿದೆ. ಊರಿನ ನಡುಭಾಗವನ್ನು ಸುತ್ತುವ ಹೆದ್ದಾರಿ ಲೂಪ್ 610ರ ಒಳಗೆ ಸಣ್ಣ ನಿವೇಶನದಲ್ಲೂ ಮನೆ ಕಟ್ಟಬಹುದೆಂದು 1990ರ ದಶಕದ ಕೊನೆಗೆ ನಿಯಮ ಸಡಿಲವಾದ ಮೇಲೆ, ಒಂದು ಹಳೆಯ ಮನೆ ಕೆಡವಿದ ಜಾಗದಲ್ಲಿ ಮೂರು-ನಾಲ್ಕು ಮಹಡಿಮನೆ ಏಳುತ್ತಿವೆ. ಫೋರ್ತ್ ವಾರ್ಡ್ ಹೀಗೇ ಕರಗಿತು, ಥರ್ಡ್ ವಾರ್ಡ್‌ನಲ್ಲೂ ಅದು ಶುರುವಾಗಿದೆ. ಇದರ ಮೇಲೆ ಇಂಟರ್‌ಸ್ಟೇಟ್ 45ರ ವಿಸ್ತರಣೆ. ಸಾವಿರಕ್ಕೂ ಹೆಚ್ಚು ಮನೆಗಳನ್ನೂ ಮುನ್ನೂರಕ್ಕೂ ಹೆಚ್ಚು ವ್ಯಾಪಾರಗಳನ್ನೂ ಎಬ್ಬಿಸುವ ಯೋಜನೆ ಇದು. ನಾಗರಿಕ ಹಕ್ಕುಗಳ ದೂರಿನ ಮೇಲೆ 2021ರಲ್ಲಿ ಫೆಡರಲ್ ಹೆದ್ದಾರಿ ಇಲಾಖೆ ತಡೆದಿತ್ತು. 2023ರಲ್ಲಿ ಒಪ್ಪಂದವಾಗಿ ತಡೆ ತೆರವಾಯಿತು. ಹಳೆಯ ಚೈನಾಟೌನ್ ಇದ್ದ ಪೂರ್ವ ಡೌನ್‌ಟೌನಿನ ಸೇಂಟ್ ಇಮ್ಯಾನ್ಯುಯೆಲ್ ರಸ್ತೆಯ ಒಂದು ಬದಿ ಇದರ ದಾರಿಯಲ್ಲೇ ಇದೆ. ಈ ಸಲ ಹ್ಯೂಸ್ಟನ್‌ಗೆ ಹೋಗುವವರು ಮೊದಲು ಆ ಪೂರ್ವದ ಕೇರಿಗಳಿಗೆ ಹೋಗಿ. ಬೆಲೇರ್, ಹಿಲ್‌ಕ್ರಾಫ್ಟ್ ಸ್ವಲ್ಪ ಕಾಯಬಹುದು, ಪೂರ್ವದ ಕೇರಿಗಳಿಗೆ ಅಷ್ಟು ಸಮಯವಿಲ್ಲ.