ಯಂತ್ರಕ್ಕೆ ಮರಳುವ ದಾರಿ ಗೊತ್ತಿಲ್ಲ

'ಕಂಪ್ಯೂಟರಿಗೆ ಎಲ್ಲ ಗೊತ್ತಿರುತ್ತದೆ' ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಏಳು ಎಂಬ ಅಂಕಿ ನೆನಪಾಗುತ್ತದೆ. ಪ್ರೊಸೆಸರ್‌ಗೆ ಒಂದೊಂದೇ ಆದೇಶ ಬರೆಯುವ ಅಸೆಂಬ್ಲಿ ಭಾಷೆ ಕಲಿಯಲು ಕುಳಿತ ಮೊದಲ ವಾರ. ಎರಡು ಸಂಖ್ಯೆಗಳನ್ನು ಕೂಡಿಸುವ ಪುಟ್ಟ ಸಬ್‌ರೂಟೀನ್ (ಬೇಕಾದಾಗ ಕರೆದು ಬಳಸುವ ಆದೇಶಗಳ ಕಂತೆ) ಒಂದನ್ನು ಬರೆದು ಓಡಿಸಿದೆ. 'ಸೆಗ್ಮೆಂಟೇಶನ್ ಫಾಲ್ಟ್' (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದೆ) ಎಂಬ ಒಂದೇ ಸಾಲು ಉಗುಳಿ ಪ್ರೋಗ್ರಾಮ್ ಸತ್ತಿತು. ಸಾಲುಗಳನ್ನು ಹಿಂದುಮುಂದು ಮಾಡಿದೆ, ಅಲ್ಲೊಂದು ಇಲ್ಲೊಂದು ಅನಗತ್ಯ ಆದೇಶ ಸೇರಿಸಿದೆ, ಕೊನೆಗೆ ಯಂತ್ರವನ್ನೇ ಆರಿಸಿ ಹೊತ್ತಿಸಿದೆ. ತಾಯಿತ ಕಟ್ಟುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಮೂಢನಂಬಿಕೆಯನ್ನು ಹಳಿಯುವ ಪ್ರೋಗ್ರಾಮರ್‌ಗಳೇ ದಿನವೂ ಇದನ್ನು ಆಚರಿಸುತ್ತಾರೆ.

ಬುದ್ಧಿ ಬಂದು ತಪ್ಪು ಹುಡುಕುವ ಸಾಧನವಾದ ಡೀಬಗರ್ ತೆರೆದಾಗ ಕಂಡದ್ದು ಇಷ್ಟು: ಮುಂದಿನ ಆದೇಶವನ್ನು ಹುಡುಕಿಕೊಂಡು ಪ್ರೊಸೆಸರ್ ಮೆಮೊರಿಯ 7ನೇ ವಿಳಾಸಕ್ಕೆ ಹೋಗಿತ್ತು. ಏಳು ವಿಳಾಸವೇ ಅಲ್ಲ, ನಾನು ಕೂಡಿಸಲು ಇಟ್ಟುಕೊಂಡಿದ್ದ ಸಂಖ್ಯೆ! ಅದನ್ನೇ ವಿಳಾಸವೆಂದು ನಂಬಿ ಆ ಮಹಾಬುದ್ಧಿವಂತ ಯಂತ್ರ ಹೊರಟುಬಿಟ್ಟಿತ್ತು.

ಅಸೆಂಬ್ಲಿಯಲ್ಲಿ ನಾನು ಕಂಡ ಅತ್ಯಂತ ಸೊಗಸಾದ ಸಂಗತಿ ಇಲ್ಲಿಯೇ ಅಡಗಿದೆ. ಸಬ್‌ರೂಟೀನ್ ಅನ್ನು ಕರೆಯುತ್ತೇವೆ, ಅದು ತನ್ನ ಕೆಲಸ ಮುಗಿಸಿ ಕರೆದಲ್ಲಿಗೇ ಮರಳುತ್ತದೆ. ಎಲ್ಲಿಗೆ ಮರಳಬೇಕೆಂದು ಅದಕ್ಕೆ ಹೇಗೆ ಗೊತ್ತು? ಗೊತ್ತಿಲ್ಲ. ಎಕ್ಸ್86-64 ಬಗೆಯ ಪ್ರೊಸೆಸರ್‌ನಲ್ಲಿ 'ಕಾಲ್' ಎಂಬ ಆದೇಶ ಎರಡೇ ಕೆಲಸ ಮಾಡುತ್ತದೆ. ತನ್ನ ಮುಂದಿನ ಆದೇಶದ ವಿಳಾಸವನ್ನು ಎಂಟು ಬೈಟ್‌ಗಳಲ್ಲಿ ಸ್ಟ್ಯಾಕ್ ಎಂಬ, ಮೆಮೊರಿಯಲ್ಲಿ ಒಂದರ ಮೇಲೊಂದು ಪೇರಿಸಿದ ಗುಡ್ಡೆಯ ಮೇಲೆ ಇಡುತ್ತದೆ, ಆಮೇಲೆ ಸಬ್‌ರೂಟೀನ್‌ಗೆ ಜಿಗಿಯುತ್ತದೆ. 'ರೆಟ್' ಎಂಬ ಒಂದೇ ಬೈಟಿನ ಆದೇಶ ಸ್ಟ್ಯಾಕ್‌ನ ಮೇಲ್ತುದಿಯ ಎಂಟು ಬೈಟ್‌ಗಳನ್ನು ತೆಗೆದು, ಅಲ್ಲಿ ಬರೆದ ವಿಳಾಸಕ್ಕೆ ಹೋಗುತ್ತದೆ. ಅದನ್ನು ಇಟ್ಟವರು ಯಾರು ಎಂದು ಕೇಳುವುದಿಲ್ಲ.

ಪುಸ್ತಕ ಓದುತ್ತ ಕೊನೆಯ ಪುಟಗಳಲ್ಲಿರುವ ಟಿಪ್ಪಣಿಗೆ ಹೋಗುವಾಗ ಓದುತ್ತಿದ್ದ ಪುಟದಲ್ಲಿ ಬೆರಳು ಸಿಕ್ಕಿಸಿಕೊಳ್ಳುತ್ತೇವಲ್ಲ, ಅದೇ ಇದು. ಆ ಟಿಪ್ಪಣಿ ಇನ್ನೊಂದು ಅಧ್ಯಾಯಕ್ಕೆ, ಆ ಅಧ್ಯಾಯ ಮತ್ತೊಂದು ಟಿಪ್ಪಣಿಗೆ ಕಳಿಸಿದರೆ ಬೆರಳುಗಳು ಮುಗಿದುಹೋಗುತ್ತವೆ. ಆಗ ಪುಟಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಒಂದರ ಮೇಲೊಂದು ಪೇರಿಸುವುದೇ ಸರಿ. ಮೇಲಿನ ಚೀಟಿ ಯಾವಾಗಲೂ ಇತ್ತೀಚಿನದು. ಅದೇ ಗುಡ್ಡೆಯ ಮೇಲೆ ನಾನೊಂದು ಲೆಕ್ಕದ ಚೀಟಿ ಇಟ್ಟು ಮರೆತರೆ? ಓದುಗ ಅದನ್ನೂ ಪುಟಸಂಖ್ಯೆಯೆಂದೇ ಓದುತ್ತಾನೆ. 'ಪುಶ್' ಎಂದು 7ನ್ನು ಇಟ್ಟು 'ಪಾಪ್' ಎಂದು ತೆಗೆಯುವುದನ್ನು ಮರೆತದ್ದೇ ನನ್ನ ತಪ್ಪು. ಹೋಲಿಕೆ ಇನ್ನೂ ಬೇಕೆಂದರೆ, ಸ್ವಂತ ಮನೆ ಎಲ್ಲಿದೆಯೆಂದು ಮರೆತ ಅಂಚೆಯವನನ್ನು ನೆನೆಯಿರಿ: ಚೀಲದ ಮೇಲ್ಗಡೆ ಸಿಕ್ಕಿದ ಲಕೋಟೆಯ ವಿಳಾಸವೇ ಅವನ ಮನೆ. (ಆರ್ಮ್ ಬಗೆಯ ಪ್ರೊಸೆಸರ್‌ಗಳು ಇತ್ತೀಚಿನ ಚೀಟಿಯನ್ನು ಒಂದು ರಿಜಿಸ್ಟರ್‌ನಲ್ಲಿ, ಅಂದರೆ ತಮ್ಮೊಳಗಿನದೇ ಪುಟ್ಟ ಖಾನೆಯಲ್ಲಿ, ಅಂಗೈಯಲ್ಲೇ ಎಂಬಂತೆ, ಹಿಡಿದಿರುತ್ತವೆ. ಇನ್ನೊಂದು ಕರೆ ಬರುವುದಾದರೆ ಅವಕ್ಕೂ ಗುಡ್ಡೆಯೇ ಗತಿ.)

ಸ್ಟ್ಯಾಕ್ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? 1949ರ ಮೇ 6ರಂದು ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಯಂತ್ರ ಮೊದಲ ಬಾರಿಗೆ ಪ್ರೋಗ್ರಾಮ್ ನಡೆಸಿತು. ಕೂಡಿಸಲು ಎ, ಕಳೆಯಲು ಎಸ್ ಎಂದು ಒಂದೊಂದೇ ಅಕ್ಷರದಲ್ಲಿ ಆದೇಶ ಬರೆಯುವ ವ್ಯವಸ್ಥೆಯನ್ನು ರೂಪಿಸಿದವರು ಡೇವಿಡ್ ವೀಲರ್. ಮರಳುವ ಸಮಸ್ಯೆಗೆ ಅವರು ಕಂಡುಕೊಂಡ ಉಪಾಯ ಕೇಳಿದರೆ ಈಗಲೂ ನಗು ಬರುತ್ತದೆ. ಆದೇಶವೆಂಬುದೂ ಮೆಮೊರಿಯಲ್ಲಿ ಬರಿಯ ಒಂದು ಸಂಖ್ಯೆ ತಾನೇ? ಕರೆಯುವ ಭಾಗ ತಾನಿರುವ ಜಾಗದ ಆದೇಶವನ್ನೇ (ಆ ಜಾಗದ ವಿಳಾಸವೂ ಅದರೊಳಗೇ ಇರುತ್ತಿತ್ತು) ಸಂಖ್ಯೆಯಂತೆ ಎತ್ತಿಕೊಂಡು ಜಿಗಿಯುತ್ತಿತ್ತು. ಸಬ್‌ರೂಟೀನ್ ಅದಕ್ಕೆ ಒಂದು ಸ್ಥಿರಸಂಖ್ಯೆ ಕೂಡಿಸಿದರೆ ಸಾಕು, 'ಕರೆದವನ ಮುಂದಿನ ಸಾಲಿಗೆ ಜಿಗಿ' ಎಂಬ ಹೊಸ ಆದೇಶವೇ ಹುಟ್ಟುತ್ತಿತ್ತು! ಅದನ್ನು ತನ್ನ ಬಾಲಕ್ಕೆ ತಾನೇ ಅಂಟಿಸಿಕೊಂಡು ಕೆಲಸ ಆರಂಭಿಸುತ್ತಿತ್ತು. ಕೂಡುವ ಲೆಕ್ಕದಿಂದ ಆದೇಶವನ್ನು ತಯಾರಿಸುವುದು! ತೊಂದರೆ ಒಂದೇ: ಸಬ್‌ರೂಟೀನ್ ತನ್ನನ್ನೇ ಮತ್ತೆ ಕರೆದುಕೊಂಡರೆ ಹಳೆಯ ಬಾಲ ಅಳಿಸಿಹೋಗುತ್ತಿತ್ತು. ಅದಕ್ಕೂ ಮೊದಲೇ, ಏಸ್ ಎಂಬ ಯಂತ್ರಕ್ಕಾಗಿ ಬರೆದ ಯೋಜನೆಯಲ್ಲಿ ಅಲನ್ ಟ್ಯೂರಿಂಗ್ ಮರಳುವ ಜಾಗದ ಗುರುತನ್ನು 'ಹೂಳುವ' ಮತ್ತು 'ಅಗೆದು ತೆಗೆಯುವ' ವಿಧಾನವನ್ನು ಸೂಚಿಸಿದ್ದರು. ಹೂತಿಟ್ಟದ್ದನ್ನು ಮೇಲಿನಿಂದಲೇ ಅಗೆಯಬೇಕು, ಹಾಗಾಗಿ ಸ್ಟ್ಯಾಕ್‌ಗೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ಯಾಕೋ ಅದು ಉಳಿಯಲಿಲ್ಲ.

ಚೀಟಿಯ ಮೇಲಿನ ಈ ಕುರುಡು ನಂಬಿಕೆಗೆ ಜಗತ್ತು ಬೆಲೆ ತೆತ್ತದ್ದು 1988ರ ನವೆಂಬರ್ 2ರಂದು. ಮಾರಿಸ್ ಹುಳು ಎಂದು ಹೆಸರಾದ ಪ್ರೋಗ್ರಾಮ್ ಇಂಟರ್‌ನೆಟ್‌ನಲ್ಲಿ ಹರಡಿದ ದಾರಿಗಳಲ್ಲಿ ಒಂದು ಹೀಗಿತ್ತು: 512 ಬೈಟ್‌ಗಳಿಗೆ ಮಾತ್ರ ಜಾಗವಿದ್ದ ಕಡೆ 536 ಬೈಟ್‌ಗಳನ್ನು ತುರುಕುವುದು. ಉಕ್ಕಿ ಹರಿದ ಬೈಟ್‌ಗಳು ಸ್ಟ್ಯಾಕ್‌ನಲ್ಲಿದ್ದ ಮರಳುವ ವಿಳಾಸದ ಮೇಲೆ ಬರೆದುಕೊಂಡವು. ಪ್ರೊಸೆಸರ್ ವಿಧೇಯವಾಗಿ ಮರಳಿತು, ಆದರೆ ಹುಳು ಕಳಿಸಿದ ಆದೇಶಗಳ ಬಳಿಗೆ. ನನ್ನ ಏಳು ಅಜ್ಞಾನದಿಂದ ಆದದ್ದು, ಇದು ಅದೇ ತಪ್ಪನ್ನು ಬೇಕೆಂದೇ ಮಾಡಿಸಿದ್ದು.

ಬರೆದದ್ದನ್ನು ಪ್ರೋಗ್ರಾಮ್ ಆಗಿ ಕಟ್ಟುವುದು, ಜನ ಹೆದರುವಷ್ಟು ಕಷ್ಟವಲ್ಲ. ನ್ಯಾಸ್ಮ್‌ನಂಥ ಅಸೆಂಬ್ಲರ್ ಪಠ್ಯವನ್ನು ಯಂತ್ರಸಂಕೇತಗಳ ಆಬ್ಜೆಕ್ಟ್ ಫೈಲ್ ಆಗಿಸುತ್ತದೆ, ಲಿಂಕರ್ ಅದನ್ನು ಓಡಬಲ್ಲ ಫೈಲ್ ಆಗಿ ಹೆಣೆಯುತ್ತದೆ. ಎರಡು ಸಾಲಿನ ಕೆಲಸ. ಅಸೆಂಬ್ಲಿಯಲ್ಲಿ ಬರೆದ ಮಾತ್ರಕ್ಕೆ ವೇಗ ಬರುತ್ತದೆ ಎಂಬುದೂ ಭ್ರಮೆ. ಹೊಸಬರು ಬರೆದದ್ದಕ್ಕಿಂತ ಮೇಲ್ಮಟ್ಟದ ಭಾಷೆಗಳನ್ನು ಅನುವಾದಿಸುವ ಇಂದಿನ ಕಂಪೈಲರ್ ತಯಾರಿಸಿದ್ದೇ ಸಾಮಾನ್ಯವಾಗಿ ಚುರುಕು.

ಪಾಪ್ ಸೇರಿಸಿದ ಮೇಲೆ ನನ್ನ ಸಬ್‌ರೂಟೀನ್ ಸರಿಯಾಗಿ ಮರಳಿತು. ಆ ಉತ್ಸಾಹದಲ್ಲಿ ಮುಖ್ಯ ಭಾಗದ ಕೊನೆಗೂ ಒಂದು ರೆಟ್ ಬರೆದೆ. ಮತ್ತೆ ಅದೇ ಫಾಲ್ಟ್, ಈ ಬಾರಿ ವಿಳಾಸ 1. ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಶುರುವಾಗುವ ಜಾಗಕ್ಕೆ ಕರೆದವರೇ ಇರುವುದಿಲ್ಲ, ಹಾಗಾಗಿ ಮರಳುವ ಚೀಟಿಯೂ ಇರುವುದಿಲ್ಲ. ಆಗ ಸ್ಟ್ಯಾಕ್‌ನ ತುದಿಯಲ್ಲಿರುವುದು ಪ್ರೋಗ್ರಾಮ್‌ಗೆ ಕೊಟ್ಟ ಪದಗಳ ಎಣಿಕೆ. ನಾನು ಕೊಟ್ಟದ್ದು ಪ್ರೋಗ್ರಾಮ್‌ನ ಹೆಸರೊಂದನ್ನೇ. ಮರಳಲು ಜಾಗವಿಲ್ಲದಾಗ ಆರ್‌ಎಎಕ್ಸ್ ಎಂಬ ರಿಜಿಸ್ಟರ್‌ನಲ್ಲಿ 60 ಎಂದು ಬರೆದು, ನನ್ನನ್ನು ಮುಗಿಸು ಎಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ ಅನ್ನು ಕೇಳಿಕೊಳ್ಳಬೇಕು. ಕೇಳಿಕೊಂಡೆ. ಪರದೆಯ ಮೇಲೆ ಏನೂ ಬರಲಿಲ್ಲ, ಪ್ರೋಗ್ರಾಮ್ ಸದ್ದಿಲ್ಲದೆ ಮುಗಿಯಿತು.